ಎರಡು ಕಿವಿಗೆ ಬಿದ್ದ ಖಲಾಸ್

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನನ್ನ ಎಡಗಡೆಯ ಕಿಟಕಿಯಲ್ಲಿ ಅಬುಧಾಬಿಯ ಬಿಸಿಲು ಅಲ್ ರೀಮ್ ಐಲ್ಯಾಂಡಿನ ಗಾಜಿನ ಕಟ್ಟಡಗಳಿಗೆ ಬಡಿದು ಕಣ್ಣು ಚುಚ್ಚುತ್ತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನನ್ನೆದುರಿನ ಪರದೆಯಲ್ಲಿ ಮಾತ್ರ ಅಟ್ಲಾಂಟಿಕ್ ಸಾಗರದ ನಡುರಾತ್ರಿ. ಆ ಕತ್ತಲೆಯ ಮಧ್ಯೆ, ಹಿಂದಿನ ಚಿತ್ರದವರೆಗೂ ಮಸುಕಾಗಿದ್ದ ಒಂದು ಚುಕ್ಕೆ ಆಗ ತಾನೇ ಬಂದ ಉಪಗ್ರಹ ಚಿತ್ರದಲ್ಲಿ ಸ್ಪಷ್ಟವಾಗಿ ತೆರೆದುಕೊಂಡಿತ್ತು. ಅದು ಚಂಡಮಾರುತದ ಕಣ್ಣು. ಕಣ್ಣು ತೆರೆದಿದೆ ಎಂದರೆ ಗಾಳಿ ಕೆಲವೇ ಗಂಟೆಗಳಲ್ಲಿ ವಿಪರೀತ ಬಲಿತಿದೆ ಎಂದರ್ಥ. ಅದಕ್ಕಿಂತ ಹೆದರಿಕೆಯ ಸಂಗತಿ, ಆ ಕಣ್ಣು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಪಶ್ಚಿಮಕ್ಕೆ ಹೋಗುತ್ತದೆ ಎಂದು ನಾವು ಹೇಳಿದ್ದ ಬಿರುಗಾಳಿ ಉತ್ತರಕ್ಕೆ ಹೊರಳಿತ್ತು. ನಮ್ಮ ಮಾತು ನಂಬಿ ವೇಗ ತಗ್ಗಿಸಿ ಕಾಯುತ್ತಿದ್ದ ಒಂದು ಹಡಗು ಈಗ ಅದರ ಬಲಮಗ್ಗುಲಲ್ಲಿತ್ತು. ಆ ಹಡಗಿನ ಎಂಜಿನ್ ರೂಮಿನಲ್ಲಿ ಎಲ್ವಿನಣ್ಣ ಇದ್ದರು. ನಾನು ಬಾಡಿಗೆಗಿರುವ ಮನೆಯ ಬಾಗಿಲ ಬಳಿ ಅವರ ಚಪ್ಪಲಿ ಈಗಲೂ ಇತ್ತು. ಬೆಳಿಗ್ಗೆ ಹೊರಡುವಾಗ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿಯೇ ನಾನು ನನ್ನ ಶೂ ಹಾಕಿಕೊಂಡಿದ್ದೆ.

ಆ ದಿನದ ಕಥೆ ಹೇಳುವ ಮೊದಲು ನಾನು ಇಲ್ಲಿಗೆ ಬಂದ ಕಥೆ ಸ್ವಲ್ಪ ಹೇಳಬೇಕು. ಯಾಕೆಂದರೆ ಆ ದಿನ ನನ್ನನ್ನು ನೆಲಕ್ಕೆ ಕೂರಿಸಿದ್ದು ಬಿರುಗಾಳಿಯಲ್ಲ, ಒಂದು ಪದ. ಆ ಪದ ಇಲ್ಲಿಗೆ ಬಂದ ಮೊದಲ ವಾರವೇ ನನಗೆ ಎದುರಾಗಿತ್ತು.

ನಾನು ಹೆಜಮಾಡಿಯವಳು. ನಮ್ಮ ಮನೆಯ ಜಗಲಿಯಿಂದ ಕಡಲು ಕಾಣುವುದಿಲ್ಲ, ಕೇಳಿಸುತ್ತದೆ. ಕೊಚ್ಚಿಯಲ್ಲಿ ಹವಾಮಾನಶಾಸ್ತ್ರ ಓದಿದೆ. ಹಡಗುಗಳಿಗೆ ಹವೆಯ ಮುನ್ಸೂಚನೆ ಕೊಟ್ಟು ದಾರಿ ಹೇಳುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಜಗತ್ತಿನ ಯಾವ ಸಮುದ್ರದಲ್ಲಿದ್ದರೂ ಸರಿ, ಹಡಗಿನ ಕಂಪನಿ ಕೇಳಿಕೊಂಡರೆ ಇಲ್ಲಿ ಕುಳಿತು ದಾರಿ ಹೇಳುತ್ತೇವೆ. ಸುದ್ದಿ ಕೇಳಿದ ಅಮ್ಮ, "ಮಳೆಯೇ ಇಲ್ಲದ ಊರಿಗೆ ಮಳೆ ಹೇಳ್ಲಿಕ್ಕೆ ಹೋಗ್ತಿಯಾ?" ಎಂದು ಕೇಳಿದ್ದರು. 

ಇಲ್ಲಿಗೆ ಹೊಸದಾಗಿ ಬಂದವರು ವೀಸಾ ಆಗುವ ಮೊದಲು ಮೆಡಿಕಲ್‌ಗೆ ಹೋಗಬೇಕು. ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡು ಹೊರಬಂದೆ. ಕೌಂಟರಿನಲ್ಲಿ ಕಪ್ಪು ಅಬಾಯಾ ತೊಟ್ಟ ಒಬ್ಬ ಮಹಿಳೆ ಕಂಪ್ಯೂಟರ್ ನೋಡಿ, ನನ್ನ ಪಾಸ್‌ಪೋರ್ಟನ್ನು ನನ್ನ ಕಡೆ ತಳ್ಳಿ, ಬೇಸರವೂ ಇಲ್ಲದ ಪ್ರೀತಿಯೂ ಇಲ್ಲದ ದನಿಯಲ್ಲಿ "ಖಲಾಸ್" ಎಂದರು. ನಾನು ಅಲ್ಲೇ ನಿಂತೆ. ಅವರು ಕೈ ಬೀಸಿ ಮತ್ತೊಮ್ಮೆ ಹೇಳಿದರು: ಖಲಾಸ್.

ನಮ್ಮ ಕಡೆ ಖಲಾಸ್ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪ್ ಖಲಾಸ್ ಆದರೆ ಮತ್ತೆ ನೀರು ಬರುವುದಿಲ್ಲ. ಬ್ಯಾಟರಿ ಖಲಾಸ್ ಆದರೆ ಎಸೆಯುವುದೇ. ಮನುಷ್ಯನ ವಿಷಯದಲ್ಲಿ ಆ ಮಾತು ಬಂದರೆ, ಮುಂದಿನ ಪ್ರಶ್ನೆ ಮಣ್ಣು ಯಾವಾಗ ಎಂಬುದು. ನನ್ನ ಎದೆಯಲ್ಲೇನೋ ಕಂಡಿದೆ, ವೀಸಾ ಹೋಯಿತು, ಪ್ರಾಣವೂ ಹೋಗುವುದರಲ್ಲಿದೆ ಎಂದುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತು ಅಳುತ್ತ ಸಿಲ್ವಿಯಕ್ಕನಿಗೆ ಫೋನು ಮಾಡಿದೆ. ಆಗ ಇಲ್ಲಿ ನನಗೆ ಗೊತ್ತಿದ್ದ ಜೀವ ಅವರೊಬ್ಬರೇ. ಶಿರ್ವದವರು, ಹಮ್ದಾನ್ ಸ್ಟ್ರೀಟಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಊರಿನ ಪರಿಚಯದವರ ಮೂಲಕ ಅವರ ಫ್ಲ್ಯಾಟಿನ ಒಂದು ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು.

ಅವರು ಪೂರ್ತಿ ಕೇಳಿದರು. ಆಮೇಲೆ ಫೋನು ಹಿಡಿದುಕೊಂಡೇ ಪಕ್ಕದಲ್ಲಿದ್ದ ಯಾರಿಗೋ ಕೊಂಕಣಿಯಲ್ಲಿ ಏನೋ ಹೇಳಿದರು. ಅಲ್ಲಿ ಇಬ್ಬರು ಮೂವರು ನಕ್ಕದ್ದು ಕೇಳಿಸಿತು. "ಮಾರಾಯ್ತಿ, ಇಲ್ಲಿ ಖಲಾಸ್ ಅಂದ್ರೆ ಕೆಲಸ ಆಯ್ತು, ಇನ್ನು ಹೋಗು ಅಂತ. ಅವಳು ನಿನ್ನನ್ನು ಸಾಯ್ಲಿಕ್ಕೆ ಹೇಳ್ಲಿಲ್ಲ, ಮನೆಗೆ ಹೋಗ್ಲಿಕ್ಕೆ ಹೇಳಿದ್ದು" ಎಂದರು.

ಅಂದಿನಿಂದ ಆ ಮನೆಯಲ್ಲಿ ಅದೊಂದು ತಮಾಷೆಯಾಯಿತು. ಅನ್ನ ಬೆಂದರೆ ಖಲಾಸ್, ಸ್ನಾನ ಮುಗಿದರೆ ಖಲಾಸ್. ಮಾಫಿ ಎಂದರೆ ಇಲ್ಲ, ಯಲ್ಲಾ ಎಂದರೆ ಹೊರಡು, ಇವೆಲ್ಲ ಬೇಗ ಬಾಯಿಗೆ ಹತ್ತಿದವು. ಖಲಾಸ್ ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಅರ್ಥ ಗೊತ್ತಿದ್ದರೂ ಪ್ರತಿ ಸಲ ಕೇಳಿದಾಗ ಎದೆ ಒಂದು ಸಲ ಹೊಡೆದುಕೊಂಡು ಆಮೇಲೆ ಸಮಾಧಾನವಾಗುತ್ತಿತ್ತು.

ಮನೆಯ ವಿಷಯದಲ್ಲಿ ನಾನು ಅದೃಷ್ಟವಂತೆ. ನನ್ನ ಜೊತೆ ಕೆಲಸಕ್ಕೆ ಸೇರಿದ ಹುಡುಗಿ ಮೊದಲ ಆರು ತಿಂಗಳು ಬೆಡ್‌ಸ್ಪೇಸಿನಲ್ಲಿದ್ದಳು. ಹಾಗೆಂದರೆ ಬಾಡಿಗೆಗೆ ಸಿಗುವುದು ಕೋಣೆಯಲ್ಲ, ಒಂದು ಮಂಚ ಮಾತ್ರ. ನನಗೆ ಕೋಣೆಯಿತ್ತು, ಕಿಟಕಿಯಿತ್ತು, ಕಿಟಕಿಯಾಚೆ ಎದುರಿನ ಕಟ್ಟಡದ ಏಸಿಗಳ ಸಾಲಿತ್ತು. ಊರಿನಲ್ಲಿ ಮನೆ ಎಂದರೆ ಶಬ್ದ: ಕಡಲು, ಕಾಗೆ, ಮೀನಿನ ಗಾಡಿಯ ಹಾರನ್ನು, ಪಕ್ಕದ ಮನೆಯ ಮಿಕ್ಸಿ. ಇಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ವರ್ಷದ ಮುಕ್ಕಾಲು ಭಾಗ ಹೊರಗೆ ಬೆಂಕಿ. ಏಸಿಯ ಒಂದೇ ಸ್ವರದ ಗುಂಯ್‌ಗುಡುವಿಕೆಯ ಕೆಳಗೆ ಎಲ್ಲ ಶಬ್ದಗಳೂ ಸತ್ತುಹೋಗುತ್ತವೆ. ಜೂನ್ ತಿಂಗಳಲ್ಲಿ ಅಮ್ಮ ಒಂದೊಂದು ದಿನ ಮಾತು ನಿಲ್ಲಿಸಿ ಫೋನನ್ನು ಹಂಚಿನ ಮಾಡಿನ ಕೆಳಗೆ ಹಿಡಿಯುತ್ತಿದ್ದರು, ನಾನು ಮಳೆ ಕೇಳಲೆಂದು. ಫೋನಿನಲ್ಲಿ ಅದು ಮಳೆಯ ಹಾಗೆ ಕೇಳುವುದಿಲ್ಲ, ಏನನ್ನೋ ಹುರಿಯುತ್ತಿರುವ ಹಾಗೆ ಕೇಳುತ್ತದೆ. ಆದರೂ ಕೇಳುತ್ತಿದ್ದೆ. ಇಲ್ಲಿ ಅಪರೂಪಕ್ಕೆ ಮಳೆ ಬಂದರೆ ಜನ ಕಾರು ತೆಗೆದುಕೊಂಡು ಮಳೆ ಇರುವ ಕಡೆ ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಮಳೆ ಬಂದ ಒಂದು ದಿನ ಸಿಲ್ವಿಯಕ್ಕ ಗೋಳಿಬಜೆ ಮಾಡಿದ್ದರು.

ಮೀನು ನನ್ನನ್ನು ಉಳಿಸಿತು. ಮೀನು ಮಾರುಕಟ್ಟೆಯಲ್ಲಿ ನಮ್ಮ ಅಂಜಲ್‌ಗೆ ಕನ್‌ಆದ್ ಎನ್ನುತ್ತಾರೆ. ಮೊದಲ ಸಲ ಹೆಸರು ಗೊತ್ತಿಲ್ಲದೆ ಬೆರಳು ತೋರಿಸಿದೆ. ಎರಡನೆಯ ಸಲ ಹೆಸರು ಹಿಡಿದು ಕೇಳಿದೆ. ಮೂರನೆಯ ಸಲ ಕಿವಿರು ಎತ್ತಿ ನೋಡಿ ಬೇಡ ಎಂದೆ. ಮಾರುವವನು ಬೈಯುತ್ತಲೇ ಒಳಗಿನಿಂದ ಹೊಸ ಮೀನು ತಂದುಕೊಟ್ಟ. ಈ ದೇಶದಲ್ಲಿ ಯಾರೋ ನನ್ನನ್ನು ತಿಳಿದವಳೆಂದು ಒಪ್ಪಿಕೊಂಡದ್ದು ಅದೇ ಮೊದಲು.

ಇನ್ನು ಎಲ್ವಿನಣ್ಣ. ಸಿಲ್ವಿಯಕ್ಕನ ಗಂಡ, ಸರಕು ಹಡಗುಗಳಲ್ಲಿ ಎಂಜಿನಿಯರ್. ಒಂದು ಕರಾರು ಮುಗಿಸಿ ಇಳಿದರೆ ಅಬುಧಾಬಿಗೆ ಬಂದು ಕೆಲವು ವಾರ ಹೆಂಡತಿಯ ಜೊತೆ ಇದ್ದು, ಆಮೇಲೆ ಇಬ್ಬರೂ ಕೂಡಿ ಶಿರ್ವಕ್ಕೆ ಹೋಗಿಬರುವುದು ಅವರ ಪದ್ಧತಿ. ದಪ್ಪ ಮನುಷ್ಯ, ಸಣ್ಣ ದನಿ. ಇದ್ದಷ್ಟು ದಿನ ಅಡುಗೆಮನೆ ಅವರದು. ಇಡ್ಲಿಯಂಥ ಸಾನ್ನಾ ಮಾಡುವಾಗ ಹಿಟ್ಟು ಉಬ್ಬಿತೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುವುದು, ಸಿಲ್ವಿಯಕ್ಕ ಬೈಯುವುದು. ನಾನು ಹವಾಮಾನದ ಕೆಲಸದವಳು ಎಂದು ತಿಳಿದ ದಿನದಿಂದ ಪ್ರತಿ ಬೆಳಿಗ್ಗೆ ನಾನು ಹೊರಡುವಾಗ, ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ, ಗಂಭೀರವಾಗಿ ಕೇಳುತ್ತಿದ್ದರು: "ಪ್ರಜ್ಞಾ, ಇವತ್ತು ಛತ್ರಿ ಬೇಕಾ?"

"ಬೇಡ ಎಲ್ವಿನಣ್ಣ."

"ನೋಡಿ ಹೇಳು. ಆಮೇಲೆ ಒದ್ದೆಯಾದ್ರೆ ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೇನೆ."

ಅವರು ಮತ್ತೆ ಹಡಗು ಹತ್ತಿದ ಮೇಲೆ ಒಂದು ದಿನ ಆಫೀಸಿನ ಪರದೆಯಲ್ಲಿ, ನಾವು ದಾರಿ ಹೇಳಬೇಕಾದ ಹಡಗುಗಳ ನಡುವೆ ಅವರ ಹಡಗಿನ ಹೆಸರು ಕಂಡೆ. ಮೊರಾಕ್ಕೊದಿಂದ ಗೊಬ್ಬರ ತುಂಬಿಕೊಂಡು ಅಮೆರಿಕದ ದಕ್ಷಿಣ ತೀರಕ್ಕೆ ಹೊರಟಿತ್ತು. ಮನಸ್ಸಿಗೆ ಒಂಥರಾ ಖುಷಿಯಾಯಿತು, ನಮ್ಮೂರ ಬಸ್ಸು ದೂರದ ಊರಿನ ನಿಲ್ದಾಣದಲ್ಲಿ ಕಂಡ ಹಾಗೆ. ಗ್ರಾಹಕರ ಹಡಗಿನ ಬಗ್ಗೆ ಹೊರಗೆ ಒಂದು ಮಾತೂ ಆಡುವಂತಿಲ್ಲ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಸಿಲ್ವಿಯಕ್ಕನಿಗೂ ಅದು ಗೊತ್ತಿತ್ತು. ಅವರು ಕೇಳುತ್ತಿರಲಿಲ್ಲ. "ನೀನು ಅಲ್ಲಿ ಕೂತಿದ್ದಿ ಅಂತ ನನಗೆ ಧೈರ್ಯ" ಎಂದು ಒಂದೇ ಸಲ ಹೇಳಿದ್ದರು. ಆ ಮಾತು ಆಗ ಹಗುರವಾಗಿತ್ತು.

ಅಟ್ಲಾಂಟಿಕ್‌ನಲ್ಲಿ ಹುಟ್ಟುವ ಚಂಡಮಾರುತಕ್ಕೆ ಹರಿಕೇನ್ ಎನ್ನುತ್ತಾರೆ. ನಮ್ಮ ಸೈಕ್ಲೋನಿನದೇ ಜಾತಿ, ಹೆಸರು ಬೇರೆ. ಆ ವರ್ಷ ಅಲ್ಲಿನ ಕಡಲು ವಾಡಿಕೆಗಿಂತ ಬಿಸಿಯಾಗಿತ್ತು. ಆಫ್ರಿಕದ ತೀರದಿಂದ ಒಂದರ ಹಿಂದೆ ಒಂದು ಗಾಳಿಯ ಸುಳಿ ಹೊರಡುತ್ತಿತ್ತು. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹೆಸರಿಡುತ್ತಿದ್ದರು. ನಾನು ಹೇಳುತ್ತಿರುವುದಕ್ಕೂ ಒಂದು ಹೆಸರಿತ್ತು. ನಾನು ಅದನ್ನು ಬರೆಯುವುದಿಲ್ಲ. ಅಮ್ಮ ಸಂಜೆಯ ಮೇಲೆ ಹಾವಿನ ಹೆಸರು ಹೇಳದೆ ಹುಳ ಎನ್ನುತ್ತಾರೆ. ನನಗೂ ಇದು ಹಾಗೆಯೇ: ಅದು ಎಂದರೆ ಸಾಕು.

ಅದು ಎತ್ತ ಹೋಗುತ್ತದೆ ಎಂದು ಬೇರೆ ಬೇರೆ ದೇಶಗಳ ಕಂಪ್ಯೂಟರುಗಳು ಲೆಕ್ಕ ಹಾಕುತ್ತವೆ. ಅದೇ ಲೆಕ್ಕವನ್ನು ಗಾಳಿ ಇಷ್ಟೇ ಇಷ್ಟು ಬೇರೆಯಾಗಿದ್ದರೆ ಏನಾದೀತು ಎಂದು ಮತ್ತೆ ಮತ್ತೆ ಹಾಕುತ್ತವೆ. ಎಲ್ಲ ದಾರಿಗಳನ್ನೂ ನಕ್ಷೆಯ ಮೇಲೆ ಬಿಡಿಸಿದರೆ ಒಂದು ಬುಡದಿಂದ ಹೊರಟ ಹತ್ತಾರು ಎಳೆಗಳಾಗುತ್ತವೆ. ನನಗೆ ಅದು ಅಮ್ಮ ಒತ್ತಿದ ಶ್ಯಾವಿಗೆಯ ಹಾಗೆ ಕಾಣುತ್ತದೆ. ಹಿಂದಿನ ದಿನ ಶ್ಯಾವಿಗೆಯ ಬಹುಪಾಲು ಪಶ್ಚಿಮಕ್ಕೆ ಹರಿದು, ದೂರ ಹೋಗಿ, ಆಮೇಲೆ ಉತ್ತರಕ್ಕೆ ಬಾಗಿತ್ತು. ಎಲ್ಲೋ ಒಂದೆರಡು ಎಳೆ ಮಾತ್ರ ಬೇಗ ಬಾಗಿದ್ದವು. ಹಾಗಾಗಿ ಹಡಗಿಗೆ ನಾವು ಹೇಳಿದ್ದು ಇದು: ವೇಗ ತಗ್ಗಿಸಿ ಪೂರ್ವದಲ್ಲೇ ಇರಿ, ಅದು ನಿಮ್ಮ ಮುಂದಿನಿಂದ ದಾಟಿಹೋಗಲಿ, ಆಮೇಲೆ ಮುಂದುವರಿಯಿರಿ. ನಮ್ಮ ಮೇಲಧಿಕಾರಿ ಬಾಸಿಲ್ ಆ ಒಂದೆರಡು ಎಳೆಗಳನ್ನೂ ಗಮನಿಸಿ ಅಂತರ ಇನ್ನಷ್ಟು ಹೆಚ್ಚಿಸಿದ್ದರು. ಜೋರ್ಡಾನಿನವರು, ಈ ಕೆಲಸದಲ್ಲಿ ಕೂದಲು ನೆರೆತವರು. ಇಂದಿಗೂ ಆ ನಕ್ಷೆ ತೆರೆದು ನೋಡುತ್ತೇನೆ. ಆ ದಿನ ಗೊತ್ತಿದ್ದಷ್ಟರಲ್ಲಿ ಯಾರು ಕುಳಿತಿದ್ದರೂ ಅದನ್ನೇ ಹೇಳುತ್ತಿದ್ದರು. ಅದು ಗೊತ್ತಿದ್ದೂ ಮತ್ತೆ ತೆರೆಯುತ್ತೇನೆ.

ಗಾಳಿ ಹಿಡಿದದ್ದು ಆ ಒಂದೆರಡು ಎಳೆಯನ್ನೇ.

ಒಂಬತ್ತು ಹತ್ತಕ್ಕೆ ಚಿತ್ರ ನೋಡಿದ ನಾನು ಬಾಸಿಲ್ ಅವರನ್ನು ಕರೆದೆ. ಏನೇ ತೊಂದರೆ ಬಂದರೂ "ಮಾಫಿ ಮುಶ್ಕಿಲ್" ಎನ್ನುವ ಮನುಷ್ಯ, ಅಂದರೆ ಏನೂ ತೊಂದರೆಯಿಲ್ಲ ಎಂದು. ಆ ದಿನ ಹಾಗೆನ್ನಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಸಾಗುವ ದಿಕ್ಕಿನ ಬಲಭಾಗವೇ ಹೆಚ್ಚು ಕೆಟ್ಟದ್ದು. ಅಲ್ಲಿ ಸುತ್ತುವ ಗಾಳಿಗೆ ಅದು ಮುಂದೆ ಹೋಗುವ ವೇಗವೂ ಕೂಡಿಕೊಳ್ಳುತ್ತದೆ. ಆ ಗಾಳಿ ಹಡಗನ್ನು ಚಂಡಮಾರುತದ ದಾರಿಗೇ ಎಳೆದು ತರುತ್ತದೆ. ಪೂರ್ಣ ವೇಗದಲ್ಲಿ ಆಗ್ನೇಯಕ್ಕೆ ಓಡಿ ಎಂದು ಸಂದೇಶ ಕಳಿಸಿದೆವು. ಕ್ಯಾಪ್ಟನ್ ತಕ್ಷಣ ಒಪ್ಪಿ ಹಡಗು ತಿರುಗಿಸಿದರು. ಇನ್ನೆಲ್ಲ ಎಂಜಿನ್ ಮೇಲೆ ನಿಂತಿತ್ತು. ಪೂರ್ಣ ವೇಗ ಎಂದು ಬರೆಯುವುದು ನನಗೆ ಎರಡು ಪದ. ಎಲ್ವಿನಣ್ಣನಿಗೆ ಅದು ಆ ರಾತ್ರಿಯ ಬದುಕು.

ಹನ್ನೊಂದರ ಹೊತ್ತಿಗೆ ಹಡಗಿನಿಂದ ಕೊನೆಯ ವರದಿ ಬಂತು. ಗಾಳಿ ಹೆಚ್ಚುತ್ತಿದೆ, ಹಡಗು ಬಹಳ ಹೊರಳುತ್ತಿದೆ ಎಂದಷ್ಟೇ ಇತ್ತು. ಮುಂದಿನ ವರದಿಯ ಹೊತ್ತು ಬಂತು, ಹೋಯಿತು. ನಕ್ಷೆಯ ಮೇಲೆ ಹಡಗನ್ನು ತೋರಿಸುವ ಹಸಿರು ಗುರುತು ಬೂದುಬಣ್ಣಕ್ಕೆ ತಿರುಗಿತು. ಸಂಪರ್ಕ ಇಲ್ಲ ಎಂದು ಅದರರ್ಥ. ದೊಡ್ಡ ಅಲೆಯಲ್ಲಿ ಉಪಗ್ರಹದ ಆಂಟೆನಾ ಕೈಕೊಡುವುದು ಸಾಮಾನ್ಯ ಎಂದು ಬಾಸಿಲ್ ಹೇಳಿದರು. ಅದು ನನಗೂ ಗೊತ್ತಿತ್ತು. ಬೂದುಬಣ್ಣ ನೋಡುತ್ತ ಕೂರುವಾಗ ಗೊತ್ತಿರುವುದು ಉಪಯೋಗಕ್ಕೆ ಬರುವುದಿಲ್ಲ.

ಊಟದ ವೇಳೆಗೆ ಸಿಲ್ವಿಯಕ್ಕನ ಫೋನು. ಫೋನಿನಲ್ಲಿ ಸುದ್ದಿ ನೋಡಿದ್ದರು. ನಕ್ಷೆಯ ಮೇಲೆ ಐಸ್‌ಕ್ರೀಂ ಕೋನಿನ ಹಾಗೆ ಏನೋ ಬಿಳಿಯಾಗಿ ತೋರಿಸುತ್ತಿದ್ದಾರೆ ಎಂದರು. ನಾಲ್ಕು ದಿನದ ಹಿಂದೆ ಮಾತಾಡಿದಾಗ ಎಲ್ವಿನಣ್ಣ ಹೇಳಿದ್ದ ಲೆಕ್ಕ ಹಿಡಿದು, ಹಡಗು ಎಲ್ಲಿರಬಹುದೆಂದು ತಾವೇ ಬೆರಳಿಟ್ಟು ನೋಡಿದ್ದರು.

"ನಮ್ಮವರು ಆ ಕೋನಿನ ಹೊರಗೆ ಇದ್ದಾರೆ, ಅಲ್ವಾ? ಹೊರಗೆ ಇದ್ರೆ ಎಂತ ಇಲ್ಲ, ಅಲ್ವಾ?"

ಆ ಕೋನು ತೋರಿಸುವುದು ಗಾಳಿ ಎಷ್ಟು ಅಗಲವಿದೆ ಎಂಬುದನ್ನಲ್ಲ. ಅದರ ನಡುವಿನ ಕಣ್ಣು ಎಲ್ಲೆಲ್ಲಿ ಹೋಗಬಹುದು ಎಂಬುದನ್ನು ಮಾತ್ರ. ಕೋನಿನ ಹೊರಗೂ ನೂರಾರು ಮೈಲಿ ಗಾಳಿ ಇರುತ್ತದೆ. ನಮ್ಮ ತರಬೇತಿಯಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಅದು.

"ಆ ಚಿತ್ರ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ ಅಕ್ಕ" ಎಂದೆ.

"ನೀನು ಪುಸ್ತಕದ ಭಾಷೆ ಮಾತಾಡ್ತಿದ್ದಿ" ಎಂದರು ಸಿಲ್ವಿಯಕ್ಕ. "ಇಷ್ಟು ದಿನ ನನ್ನ ಹತ್ರ ಹೀಗೆ ಮಾತಾಡ್ಲಿಲ್ಲ ನೀನು."

ಹಡಗಿನ ವಿಷಯ ಹೇಳುವಂತಿರಲಿಲ್ಲ, ಹೇಳಲು ನನಗೂ ಏನೂ ಗೊತ್ತಿರಲಿಲ್ಲ. "ಸರಿ, ನೀನು ಕೆಲಸ ಮಾಡು. ನನ್ನ ಹತ್ರ ಮಾತಾಡ್ಬೇಡ, ಅದನ್ನು ನೋಡು" ಎಂದು ಅವರೇ ಇಟ್ಟರು. ನರ್ಸ್ ಅಲ್ಲವೇ. ರೋಗಿಯ ಮನೆಯವರಿಗೆ ಏನನ್ನು ಹೇಳದೆ ಉಳಿಸುತ್ತೇವೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆ ಮಧ್ಯಾಹ್ನ ಹೇಗೆ ಕಳೆಯಿತೆಂದು ಬಿಡಿಬಿಡಿಯಾಗಿ ಮಾತ್ರ ನೆನಪಿದೆ. ಚಂಡಮಾರುತದೊಳಕ್ಕೆ ಹಾರಿ ಅಳತೆ ತೆಗೆಯುವ ವಿಮಾನವೊಂದರ ಹೊಸ ಅಂಕಿಗಳು ಬಂದವು. ನಾವು ಎಣಿಸಿದ್ದಕ್ಕಿಂತ ಕೆಟ್ಟದಾಗಿದ್ದವು. ಹಡಗು ಹೇಳಿದ ದಿಕ್ಕಿಗೇ ಹೋಗುತ್ತಿದ್ದರೆ ಈಗ ಎಲ್ಲಿರಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ. ಎಂಜಿನ್ ನಿಂತಿದ್ದರೆ ಎಲ್ಲಿರುತ್ತದೆ ಎಂದೂ ಒಂದು ಗುರುತು ಹಾಕಿ, ಅದನ್ನು ಅಳಿಸಿದೆ. ಕೆಳಗೆ ರಸ್ತೆಯಲ್ಲಿ ಊಟ ತಲುಪಿಸುವ ಬೈಕುಗಳು ಬಿಸಿಲಲ್ಲಿ ಹೋಗುತ್ತಿದ್ದವು. ಯಾರೋ ಈಜುಕೊಳದ ಬಳಿ ಕೊಡೆ ಬಿಡಿಸುತ್ತಿದ್ದರು, ನೆರಳಿಗೆ. ಛತ್ರಿ ಬೇಕಾ ಎಂದು ಕೇಳುವ ದನಿ ನೆನಪಾಗಿ ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಧ್ಯಾಹ್ನದ ನಂತರದ ನಮಾಜಿಗೆ ಬಾಂಗ್ ಕೂಗಿ, ಬಾಸಿಲ್ ಎದ್ದು ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಸಿಲ್ವಿಯಕ್ಕ. ಹಿಂದೆ ಜನರ ಗಲಾಟೆ, ಟ್ರಾಲಿಯ ಸದ್ದು. ಅವರು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಪ್ರಜ್ಞಾ," ಎಂದರು. "ಖಲಾಸ್. ಖಲಾಸ್ ಮಾರಾಯ್ತಿ."

ಲೈನ್ ಕಡಿದುಹೋಯಿತು. ವಾಪಸು ಮಾಡಿದೆ, ಸ್ವಿಚ್ ಆಫ್.

ಇಷ್ಟು ದಿನ ಇಲ್ಲಿದ್ದು ಕಲಿತ ಅರ್ಥವೆಲ್ಲ ಆ ಕ್ಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಕೇಳಿಸಿದ್ದು ಹೆಜಮಾಡಿಯ ಖಲಾಸ್. ಪಂಪಿನದು, ಬ್ಯಾಟರಿಯದು, ಮನುಷ್ಯನದು. ಕುರ್ಚಿ ಹಿಂದಕ್ಕೆ ಸರಿಯಿತು, ನಾನು ನೆಲದ ಕಾರ್ಪೆಟ್ಟಿನ ಮೇಲೆ ಕುಳಿತಿದ್ದೆ. ಕೂತದ್ದು ನೆನಪಿಲ್ಲ. ಸಂಜೆ ಆ ಮನೆಗೆ ಹೋಗಬೇಕು, ಬಾಗಿಲ ಬಳಿ ಚಪ್ಪಲಿ ಇರುತ್ತದೆ, ಅದನ್ನು ದಾಟಿ ಒಳಗೆ ಹೇಗೆ ಹೋಗಲಿ ಎಂಬ ಒಂದೇ ಯೋಚನೆ ಸುತ್ತುತ್ತಿತ್ತು.

ಬಾಸಿಲ್ ಬಾಗಿಲು ತೆರೆದು ಬಂದರು. ನನ್ನನ್ನು ನೋಡಿ ಓಡಿಬಂದು, ಏನಾಯಿತು, ಹಡಗಿನಿಂದ ಸುದ್ದಿ ಬಂತೇ ಎಂದು ಕೇಳಿದರು. ಆ ಹಡಗಿನಲ್ಲಿರುವ ಒಬ್ಬರ ಹೆಂಡತಿ ಫೋನು ಮಾಡಿದರು ಎಂದೆ. ಏನೆಂದರು ಎಂದು ಕೇಳಿದರು.

"ಖಲಾಸ್" ಎಂದೆ.

ಅವರು ಎರಡೂ ಕೈಗಳಿಂದ ಮುಖ ಒರೆಸಿಕೊಂಡು ಜೋರಾಗಿ "ಅಲ್ ಹಮ್ದುಲಿಲ್ಲಾ" ಎಂದರು. ದೇವರಿಗೆ ಸ್ತುತಿ. ಮುಖದ ತುಂಬ ನಗು.

ಆ ನಗು ನೋಡಿ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಒಂದು ಹಡಗು ಮುಳುಗಿದೆ, ಈ ಮನುಷ್ಯ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಾನೆ. ಇದೇನು ದೇಶ, ಇವರೇನು ಜನ, ನಾನಿಲ್ಲಿ ಯಾಕಿದ್ದೇನೆ ಎಂದೆನಿಸಿತು. ಕನ್ನಡದಲ್ಲೋ ತುಳುವಿನಲ್ಲೋ ಏನೋ ಕೂಗಿದೆ. ಅವರಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ನಗು ನಿಂತಿತು. ನನ್ನೆದುರು ಅವರೂ ನೆಲದ ಮೇಲೆ ಕುಳಿತು, ಮಗುವಿಗೆ ಕೇಳುವ ಹಾಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: ನಿಮ್ಮ ಊರಿನಲ್ಲಿ ಖಲಾಸ್ ಎಂದರೆ ಏನು?

ಸತ್ತರು ಎಂದು ಅರ್ಥ, ಎಂದೆ.

ಆ ಹೆಂಗಸು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿದರು. ಹನ್ನೆರಡು ವರ್ಷ ಎಂದೆ. ಅವರು ಎದ್ದು ನನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದುಬಣ್ಣದ ಗುರುತು ಹಸಿರಾಗಿತ್ತು. ಪೆನ್ಸಿಲಿನಲ್ಲಿ ನಾನು ಹಾಕಿದ ಗುರುತಿಗಿಂತ ತುಸು ಹಿಂದೆ, ಆದರೆ ಅದೇ ಗೆರೆಯ ಮೇಲೆ, ಗಾಳಿಯ ಕೆಟ್ಟ ಭಾಗದ ಹೊರಗೆ, ಹಡಗು ಮೆಲ್ಲಗೆ ಹೋಗುತ್ತಿತ್ತು. ನಾನು ಅಳತೊಡಗಿದೆ. ಬಾಸಿಲ್ ಟಿಶ್ಯೂ ಡಬ್ಬಿಯನ್ನು ನನಗೆ ಕೊಟ್ಟು, ಅದರಿಂದಲೇ ಒಂದನ್ನು ತಾವೂ ಎಳೆದುಕೊಂಡರು.

ಆಮೇಲೆ ತಿಳಿದದ್ದು ಇಷ್ಟು. ಹಡಗಿನಲ್ಲಿ ಮೊದಲು ಸರಿಯಾದದ್ದು ಮಾತಾಡುವ ಫೋನು. ಅದರಲ್ಲಿ ಕಂಪನಿಗೆ ಅಧಿಕೃತ ಸಂದೇಶ ಕೊಟ್ಟ ಮೇಲೆ ಕ್ಯಾಪ್ಟನ್ ಎಲ್ಲರಿಗೂ ಮನೆಗೆ ಒಂದೊಂದು ನಿಮಿಷ ಮಾತಾಡಲು ಬಿಟ್ಟಿದ್ದರು. ಆ ಸಂದೇಶ ನಮ್ಮ ಪರದೆಗೆ ಬರುವ ಮೊದಲೇ ಗಂಡನ ದನಿ ಹೆಂಡತಿಗೆ ತಲುಪಿತ್ತು. ಸಿಲ್ವಿಯಕ್ಕ ನನಗೆ ಹೇಳಿದ್ದು ಇಲ್ಲಿನ ಖಲಾಸ್: ಮುಗಿಯಿತು, ದಾಟಿತು, ಇನ್ನು ಹೆದರಿಕೆಯಿಲ್ಲ. ಹೇಳುವಷ್ಟರಲ್ಲಿ ಅವರ ಫೋನಿನ ಬ್ಯಾಟರಿ ತೀರಿತ್ತು. ಹಡಗಿನಲ್ಲಿ ಒಬ್ಬ ನಾವಿಕನ ಕೈ ಮುರಿದಿತ್ತು. ಉಳಿದವರು ಪೆಟ್ಟಿಲ್ಲದೆ ಉಳಿದಿದ್ದರು.

ಸಂಜೆ ಮನೆಗೆ ಹೋದಾಗ ಸಿಲ್ವಿಯಕ್ಕ ಬಾಗಿಲಲ್ಲೇ ನಿಂತಿದ್ದರು, ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ. ನನ್ನ ಕಥೆ ಕೇಳಿ ಮೊದಲು ಬಾಯಿ ಮುಚ್ಚಿಕೊಂಡರು. ಆಮೇಲೆ "ದೇವಾ" ಎಂದರು. ಆಮೇಲೆ ನಕ್ಕರು. ನಗು ನಿಲ್ಲದೆ ಇಬ್ಬರೂ ಶೂ ಇಡುವ ಜಾಗದಲ್ಲೇ, ಆ ಚಪ್ಪಲಿಯ ಪಕ್ಕ, ಗೋಡೆಗೆ ಒರಗಿ ಕುಳಿತೆವು. "ನಿನಗೊಂದು ಮಾತು ಹೇಳ್ಲಿಕ್ಕೆ ಹೇಳಿದ್ರು ಇವರು" ಎಂದರು. "ಒಂದು ನಿಮಿಷದಲ್ಲಿ ಅರ್ಧ ನಿಮಿಷ ಅದಕ್ಕೇ ಹೋಯ್ತು. ನಮ್ಮ ಹವಾಮಾನದವಳಿಗೆ ಹೇಳು, ಇವತ್ತು ಛತ್ರಿ ಬೇಕಿತ್ತು ಅಂತ."

ಅಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಬದುಕಿದ್ದರು. ಆದರೆ ನನ್ನ ನಿದ್ದೆ ಆ ದಿನದಲ್ಲೇ ಸಿಕ್ಕಿಹಾಕಿಕೊಂಡಿತು. ಕಣ್ಣು ಮುಚ್ಚಿದರೆ ಬೂದುಬಣ್ಣದ ಗುರುತು. ಬೆಳಗಿನ ಜಾವ ಎಚ್ಚರವಾದರೆ ಮೊದಲು ಫೋನು ತೆಗೆದು ಅಟ್ಲಾಂಟಿಕ್ ನೋಡುತ್ತಿದ್ದೆ. ಅಲ್ಲಿ ಆಗ ಇನ್ನೂ ಹಿಂದಿನ ದಿನದ ರಾತ್ರಿ. ಊರಿನಲ್ಲಿ ಅಮ್ಮ ಎದ್ದು ಒಲೆ ಹಚ್ಚಿರುತ್ತಾರೆ. ಮೂರು ಜಾಗದ ಹೊತ್ತು ತಲೆಯಲ್ಲಿ ಒಟ್ಟಿಗೆ ಓಡುತ್ತಿರುವಾಗ ಯಾವ ರಾತ್ರಿಯಲ್ಲಿ ಮಲಗುವುದು? ಅಮ್ಮನಿಗೆ ಹಡಗಿನ ವಿಷಯ ಹೇಳಿರಲಿಲ್ಲ, ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದ್ದೆ. ಏಸಿ ಗಾಳಿ ತಲೆಗೆ ಬಡಿಯುತ್ತದೆ, ಕಿವಿಗೆ ಹತ್ತಿ ಇಟ್ಟುಕೋ ಎಂದರು. ಬಾಸಿಲ್ ಒಂದು ವಾರ ರಜೆ ಕೊಟ್ಟರು. ಆ ರಜೆಯಲ್ಲಿ ಸಿಲ್ವಿಯಕ್ಕ ನನ್ನನ್ನು ದುಬೈಗೆ ಕರೆದುಕೊಂಡು ಹೋಗಿ ನೈಫ್ ಎಂಬ ಪೇಟೆಯ ಅಂಗಡಿಗಳಲ್ಲಿ ಸಂಜೆಯವರೆಗೆ ಸುತ್ತಾಡಿಸಿದರು. ಕಾಲು ನೋವಾದರೆ ನಿದ್ದೆ ಬರುತ್ತದೆ ಎಂಬುದು ಅವರ ಲೆಕ್ಕ. ಕಾಲು ನೋಯಿತು. ನಿದ್ದೆ ಬರಲಿಲ್ಲ. ಅಲ್ಲಿ ಒಂದು ಅಂಗಡಿಯಲ್ಲಿ ನನಗೆ ಕಾಣದ ಹಾಗೆ ಅವರು ಏನೋ ಉದ್ದದ್ದು ಕೊಂಡು ಚೀಲಕ್ಕೆ ಹಾಕಿದರು.

ಋತು ಮುಗಿದು, ಅಟ್ಲಾಂಟಿಕ್ ತಣ್ಣಗಾಗಿ, ಇಲ್ಲೂ ಕಿಟಕಿ ತೆರೆಯಬಹುದಾದ ದಿನಗಳು ಬಂದಾಗ ಎಲ್ವಿನಣ್ಣ ಹಡಗಿನಿಂದ ಇಳಿದು ಬಂದರು. ತೆಳ್ಳಗಾಗಿದ್ದರು. ಬಾಗಿಲಲ್ಲಿ ಬೂಟು ಬಿಚ್ಚಿ ತಮ್ಮ ಹಳೆಯ ಚಪ್ಪಲಿಗೆ ಕಾಲು ತೂರಿಸಿದರು. ಸಿಲ್ವಿಯಕ್ಕ ಒಳಗಿನಿಂದ ಆ ಉದ್ದದ ಪೊಟ್ಟಣ ತಂದು ಗಂಡನ ಕೈಗೆ ಕೊಟ್ಟರು. ಅವರು ಅದನ್ನು ನನ್ನ ಕೈಗೆ ದಾಟಿಸಿದರು. ಒಂದು ಕಪ್ಪು ಛತ್ರಿ.

ಆ ರಾತ್ರಿಯ ಬಗ್ಗೆ ಅವರು ಒಂದೇ ಸಲ ಮಾತಾಡಿದರು, ಸಾನ್ನಾದ ಹಿಟ್ಟಿನ ಮುಚ್ಚಳ ಎತ್ತಿ ನೋಡುತ್ತ. ಹಡಗು ಹೊರಳಿದಾಗ ಎಣ್ಣೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕುಳಿತ ಕೆಸರು ಎದ್ದು ಬಂದು ಎಂಜಿನ್ನಿಗೆ ಎಣ್ಣೆ ಹೋಗದ ಹಾಗೆ ಫಿಲ್ಟರುಗಳನ್ನು ಕಟ್ಟುತ್ತಿತ್ತಂತೆ. ಒಂದನ್ನು ತೊಳೆದು ಹಾಕುವಷ್ಟರಲ್ಲಿ ಇನ್ನೊಂದು ಕಟ್ಟುವುದು. ಒಬ್ಬರನ್ನೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದುಕೊಂಡು ತೊಳೆದರಂತೆ. "ಮೇಲೆ ಗಾಳಿ ಎಷ್ಟು, ಅಲೆ ಎಷ್ಟು, ನಮಗೆ ಎಂತ ಗೊತ್ತಿಲ್ಲ. ನೀವು ಅಲ್ಲಿ ಕೂತು ಎಲ್ಲ ನೋಡ್ತಿದ್ರಿ. ನಿನಗೇ ಹೆಚ್ಚು ಕಷ್ಟ ಆದದ್ದು ಬಿಡು" ಎಂದರು. ನಾನು ಒಪ್ಪಲಿಲ್ಲ. ಆದರೂ ಆ ಮಾತು ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿತು.

ಅಂದು ಮಲಗಿದಾಗ ಗೋಡೆಯಾಚೆಯಿಂದ ಎಲ್ವಿನಣ್ಣನ ಗೊರಕೆ ಕೇಳಿಸಿತು. ಹಿಂದೆ ಅದಕ್ಕೆ ಹೆದರಿಯೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಅಂದು ಹತ್ತಿ ತೆಗೆದು ಕೇಳುತ್ತ ಮಲಗಿದೆ. ನಡುವೆ ಒಮ್ಮೆ ಗೊರಕೆ ನಿಂತು, ಗುಟುಕರಿಸಿ, ಮತ್ತೆ ಹೊರಟಿತು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ಅಟ್ಲಾಂಟಿಕ್ ನೋಡಲು ಫೋನು ತೆಗೆಯಲಿಲ್ಲ, ಅದೇ ಹೊಡೆದುಕೊಳ್ಳುತ್ತಿತ್ತು. ಅಮ್ಮ.

"ಎಷ್ಟು ಸಲ ಮಾಡ್ಬೇಕು? ಎಂತಾಯ್ತು ನಿನಗೆ?"

"ಎಂತ ಆಗ್ಲಿಲ್ಲ ಅಮ್ಮ, ರಾತ್ರಿ ಇಡೀ ಮಲಗಿದ್ದೆ," ಎಂದೆ. ಮೈಯೆಲ್ಲ ಹಗುರವಾಗಿತ್ತು. ಹಾಗೇ ಬಾಯಿಗೆ ಬಂತು. "ಖಲಾಸ್."

ಆ ಕಡೆ ಅಂಗಳದ ಕಾಗೆ ಕೂಗುವುದು ಕೇಳಿಸುತ್ತಿತ್ತು, ಅದರ ಹಿಂದೆ ಕಡಲು.

"ಯಾರು?" ಎಂದು ಅಮ್ಮ ಮೆಲ್ಲಗೆ ಕೇಳಿದರು.

ಆಗಲೇ ನನಗೆ ತಿಳಿದದ್ದು, ಆ ಪದವನ್ನು ನಾನು ಮೊದಲ ಬಾರಿಗೆ ಇಲ್ಲಿಯ ಬಾಯಿಯಿಂದ ಹೇಳಿದ್ದೆ ಎಂದು. ಕೇಳಿದ ಕಿವಿ ಮಾತ್ರ ನನ್ನದೇ ಮನೆಯದು. ಹೇಳಿದವಳೂ ನಾನೇ, ಕೇಳಿ ಬೆಚ್ಚಿದವಳೂ ನಾನೇ ಎಂಬಂತೆ ಎದೆ ಒಂದು ಸಲ ಹೊಡೆದುಕೊಂಡಿತು.

"ಯಾರೂ ಅಲ್ಲ ಅಮ್ಮ. ನಿದ್ದೆ ಬಂತು ಅಂತ ಹೇಳಿದ್ದು."

"ಹಾಗಾದ್ರೆ ನಿದ್ದೆ ಬಂತು ಅಂತಲೇ ಹೇಳು," ಎಂದರು ಅಮ್ಮ.